ಒದ್ದೆಯಾದ ಹಲಗಿ

ಚಶ್ಮದ ಗಾಜಿನ ಮೇಲೆ ಮತ್ತೆ ಹನಿ, ಸಾಸಿವೆಗಿಂತ ಸಣ್ಣವು, ಒಂದೊಂದರೊಳಗೂ ತಲೆಕೆಳಗಾದ ವೇದಿಕೆ, ತಲೆಕೆಳಗಾದ ಶಿಲುಬೆ, ಕೆಳಗಿನಿಂದ ಮೇಲಕ್ಕೆ ಜೋತುಬಿದ್ದ ಬಣ್ಣದ ಕಾಗದದ ಸರ — ಒರೆಸಬೇಕು, ಒರೆಸಿದರೆ ಸೆರಗಿನ ಗಂಜಿ ಹತ್ತಿ ಗಾಜು ಇನ್ನೂ ಮಂಜಾಗುತ್ತದೆ, ಇರಲಿ, ಒರೆಸಿದರೂ ಎರಡು ನಿಮಿಷಕ್ಕೆ ಮತ್ತೆ ಬೀಳುತ್ತವೆ, ವೇದಿಕೆಯ ಎಡಕ್ಕೆ ನಿಲ್ಲಿಸಿದ ಆಳೆತ್ತರದ ಫ್ಯಾನು ಗಾಳಿಯ ಜೊತೆ ನೀರಿನ ಹೊಗೆಯನ್ನೂ ಉಗುಳುತ್ತಿದೆ, ಏಪ್ರಿಲ್ ತಿಂಗಳ ಗೋಕಾಕದಲ್ಲಿ ಮಧ್ಯಾಹ್ನ ಮೂರಕ್ಕೆ ಚರ್ಚಿನ ಅಂಗಳದಲ್ಲಿ ಹಾಡಿನ ಮೇಳ ಇಟ್ಟವರು ಇಷ್ಟಾದರೂ ಮಾಡಬೇಕು, ಆದರೆ ಮೂರು ಕಡೆ ಪರದೆ ಕಟ್ಟಿದ ಪೆಂಡಾಲಿನಲ್ಲಿ ಹೀಗೆ ನೀರು ಸಿಡಿಸಿದರೆ ತಂಪು ಹತ್ತೇ ನಿಮಿಷ, ಆಮೇಲೆ ಗಾಳಿ ಕುಡಿಯುವಷ್ಟು ನೀರು ಕುಡಿದು ಸುಮ್ಮನಾಗುತ್ತದೆ, ಮೈಯ ಬೆವರನ್ನು ಮುಟ್ಟುವುದಿಲ್ಲ, ಇದನ್ನು ಸುಮನ ಮೂಡಲಗಿಯ ಕಾಲೇಜಿನಲ್ಲಿ ಪಿಯುಸಿ ಮಕ್ಕಳಿಗೆ ಹನ್ನೆರಡು ವರ್ಷದಿಂದ ಹೇಳುತ್ತಿದ್ದಾಳೆ, ಹಿಂದಿನ ಬೆಂಚಿನವರು ಹನ್ನೆರಡು ವರ್ಷದಿಂದ ಆಕಳಿಸುತ್ತಿದ್ದಾರೆ. ನಾಲ್ಕನೆಯ ಸಾಲು, ತುದಿಯ ಕುರ್ಚಿ, ಎದ್ದು ಹೋಗಲು ಸುಲಭ. ಎದ್ದು ಹೋಗಬಹುದು. ಊರಿನ ಮೇಲೆ ಹಾಯುವ ಕುಲಗೋಡದ ಬಸ್ಸು ನಾಲ್ಕೂವರೆಗೆ ಒಂದಿದೆ, ಏನನ್ನೂ ನೋಡದೆ ಹೋದರೆ ಏನನ್ನೂ ಹೇಳಬೇಕಾಗಿಲ್ಲ — ಆದರೆ ಅಪ್ಪ ಸತ್ಯಪ್ಪ ಕಾಯುತ್ತ ಕುಳಿತಿರುತ್ತಾನೆ, ತುಕ್ಕಾನಟ್ಟಿಯ ಮನೆಯ ಪಡಸಾಲೆಯಲ್ಲಿ, ಗೋಡೆಗೆ ಬೆನ್ನು ಕೊಟ್ಟು, ಸುಮಿ, ನೀ ಹೋಗಿ ಕಣ್ಣಾರೆ ನೋಡ್ಕೊಂಡ ಬಾ, ನಿನ್ನ ತಮ್ಮ ಯೇಸೂನ ಹಾಡು ಹಾಡ್ತಾನ, ಹಾಡ್ಲಿ, ನಾನೂ ಒಂದ ಸಲಾ ಒಂದು ಧರ್ಮ ಬಿಟ್ಟು ಬಂದಾಂವ, ಅವಂಗ ಬ್ಯಾಡ ಅನ್ನಾಕ ನಾ ಯಾರು, ಆದ್ರ ಹಲಗಿ ಬಡಿತಾನಂತ ಮಂದಿ ಮಾತಾಡಾಕತ್ತಾರ, ಅದು ಖರೆ ಇದ್ರ ಗುರುವಾರ ನಿಮ್ಮವ್ವನ ಫೋಟೋದ ಮುಂದ ಅವ ಬಂದು ನಿಂದರೂದು ಬ್ಯಾಡ, ನೀ ಏನ ಹೇಳ್ತಿ ಅದ ಖರೆ, ಮತ್ತ ಯಾರನ್ನೂ ಕೇಳಂಗಿಲ್ಲ.

ಗುರುವಾರಕ್ಕೆ ಅವ್ವ ಸೀತವ್ವ ತೀರಿ ವರ್ಷ. ಆ ದಿನ ತಮ್ಮ ಸುಶಾಂತನನ್ನು ಮನೆಗೆ ಕರೆಯೋಣ ಎಂದು ಅಪ್ಪನನ್ನು ಒಪ್ಪಿಸಲು ಅವಳಿಗೆ ಮೂರು ವಾರ ಹಿಡಿದಿದೆ, ಮೊದಲ ವಾರ ಅಪ್ಪ ಕೇಳಿಸದವನಂತೆ ಎದ್ದು ಹೋದ, ಎರಡನೆಯ ವಾರ ಬೈದ, ಮೂರನೆಯ ವಾರ ಬರ್ಲಿ ಎಂದ, ಎಂದು ಎರಡು ದಿನಕ್ಕೆ ಯಾರೋ ಬಂದು ಹಲಗಿಯ ಸುದ್ದಿ ಮುಟ್ಟಿಸಿದರು. ಅವನು ಹುಕ್ಕೇರಿಯಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟು ಆರು ವರ್ಷ, ಹೇಳದೆ ಕೇಳದೆ ಚರ್ಚಿನಲ್ಲಿ ಮದುವೆಯಾಗಿ ನಾಲ್ಕು ವರ್ಷ, ಅಪ್ಪನೊಡನೆ ಮಾತು ಮುರಿದು ಅಷ್ಟೇ ವರ್ಷ, ಅವ್ವನ ಮಣ್ಣಿಗೆ ಬಂದವನು ಹೊರಗೆ ಬೇವಿನ ಗಿಡದ ಕೆಳಗೆ ನಿಂತ, ಒಳಗೆ ಬಾ ಎಂದು ಯಾರೂ ಅನ್ನಲಿಲ್ಲ, ಅವಳೂ ಅನ್ನಲಿಲ್ಲ, ಅನ್ನಬೇಕು ಎಂದುಕೊಂಡು ನೀರಿನ ಕೊಡ ಹುಡುಕುತ್ತಿದ್ದಳು, ಹೊರಗೆ ಬಂದಾಗ ಗಿಡದ ಕೆಳಗೆ ಮೋಟರ್ ಸೈಕಲ್ಲಿನ ಎಣ್ಣೆ ತೊಟ್ಟಿಕ್ಕಿದ ಕಲೆ ಮಾತ್ರ ಇತ್ತು — ತಬಲಾ ಬಾರಿಸಲಿ, ಢೋಲಕ್ ಬಾರಿಸಲಿ, ಅದೇ ಆಗಿರಲಿ, ಊರವರಿಗೆ ಢೋಲಕ್ಕಿಗೂ ಹಲಗಿಗೂ ವ್ಯತ್ಯಾಸ ತಿಳಿಯದೆ ಹೇಳಿದ್ದಾಗಿರಲಿ, ಎಂದು ಬೆಳಗಿನಿಂದ ಅಂದುಕೊಳ್ಳುತ್ತಿದ್ದಾಳೆ, ಯಾರನ್ನು ಕೇಳಿಕೊಳ್ಳುತ್ತಿದ್ದೇನೆ ಎಂದು ನಗೆಯೂ ಬರುತ್ತದೆ, ಇಲ್ಲಿ ಇಷ್ಟು ಜನ ಕಣ್ಣು ಮುಚ್ಚಿ ಕೇಳಿಕೊಳ್ಳುತ್ತಿದ್ದಾರೆ, ಅವರಿಗಾದರೂ ಗೊತ್ತಿದೆ ಯಾರನ್ನು ಎಂದು. ಕುರ್ಚಿಯ ಕಾಲು ಒಂದು ಗಿಡ್ಡ, ಅಲ್ಲಾಡುತ್ತದೆ, ಅಥವಾ ಅವಳೇ ಅಲ್ಲಾಡಿಸುತ್ತಿದ್ದಾಳೆ. ಬದಿಯ ಪರದೆಗೆ ಮಕ್ಕಳ ಚಿತ್ರಗಳನ್ನು ಪಿನ್ನು ಚುಚ್ಚಿ ತೂಗುಹಾಕಿದ್ದಾರೆ, ಸ್ಪರ್ಧೆಯ ವಿಷಯ ಒಳ್ಳೆಯ ಕುರುಬ, ಹೆಚ್ಚಿನ ಮಕ್ಕಳು ಬಿಳಿ ನಿಲುವಂಗಿಯ ದಾಡಿಯವನನ್ನು ಬರೆದಿದ್ದಾರೆ, ಒಂದು ಮಗು ಮಾತ್ರ ಕರಿಕಂಬಳಿ ಹೊದ್ದ, ಹಳದಿ ರುಮಾಲಿನ, ಕಂಕುಳಲ್ಲಿ ಕರಿ ಮುಖದ ಮರಿ ಇಟ್ಟುಕೊಂಡ ನಮ್ಮ ಕಡೆಯವನನ್ನೇ ಬರೆದಿದೆ, ಮಸಗುಪ್ಪಿಯ ಹಾದಿಯಲ್ಲಿ ದಿನಾ ಕಾಣುವವನನ್ನು, ಮೂರನೆಯ ಬಹುಮಾನ ಎಂದು ಕೆಂಪು ಪಟ್ಟಿ ಹಚ್ಚಿದ್ದಾರೆ, ಮೊದಲನೆಯದು ಬರಬೇಕಿತ್ತು, ಯಾರು ನಿರ್ಣಯಿಸುತ್ತಾರೆ ಇವನ್ನೆಲ್ಲ, ಯಾವ ಅಳತೆಯಿಂದ. ಬೆಳಗಾವಿಯಿಂದ ಬಂದ ಹುಡುಗಿಯರ ತಂಡ ಒಂದೇ ಬಣ್ಣದ ಸೀರೆಯುಟ್ಟು ನಾಲ್ಕು ಎಳೆಯಲ್ಲಿ ಹಾಡುತ್ತಿದೆ, ಕೆಳಗಿನ ಎಳೆ ಮೇಲಿನದನ್ನು ಹೊತ್ತುಕೊಂಡು ಹೋಗುತ್ತದೆ, ಚೆನ್ನಾಗಿದೆ, ಬಹಳ ಚೆನ್ನಾಗಿದೆ, ಎದೆಯಲ್ಲಿ ಏನೋ ಸಡಿಲಾಗುತ್ತದೆ, ಸಡಿಲಾಗುವುದು ಬೇಡ, ನೋಡಲು ಬಂದವಳು ನೋಡಬೇಕು ಅಷ್ಟೆ. ಗಡಿಯಾರ ನೋಡಿದಳು. ಮೂರು ಐವತ್ತೆರಡು. ಈಗಷ್ಟೇ ನೋಡಿದಾಗಲೂ ಐವತ್ತೆರಡೇ ಇತ್ತು.

ಅಕ್ಕಾರ! — ಪಕ್ಕದ ಕುರ್ಚಿಗೆ ಯಾರೋ ಧಪ್ಪನೆ ಕೂತರು, ಮಲ್ಲಿಗೆಯ ವಾಸನೆ, ಬೆವರಿನ ವಾಸನೆ, ಅರ್ಚನಾ, ಸುಶಾಂತನ ಹೆಂಡತಿ, ಇವಳನ್ನು ಅವಳು ಒಮ್ಮೆ ಮಾತ್ರ ಕಂಡಿದ್ದಾಳೆ, ಗೋಕಾಕದ ಬಸ್ ನಿಲ್ದಾಣದಲ್ಲಿ ಐದು ನಿಮಿಷ, ಬಂದ್ರಿ ಅಕ್ಕಾರ, ಇವರು ನಮ್ಮಕ್ಕ ಬರಂಗಿಲ್ಲ ಅಂದ್ರು, ನಾ ಬರ್ತಾರ ಅಂದ್ನಿ, ಒಂದ ಡಬ್ಬಿ ಕರದಂಟ ಪಣಾ ಕಟ್ಟೇವ್ರಿ, ಈಗ ನಂದ ಆತು, ನಿಮಗೂ ಅರ್ಧಾ ಕೊಡ್ತೇನಿ. ಎಷ್ಟು ಸರಾಗವಾಗಿ ನಗುತ್ತಾಳೆ. ಒಂದು ಮನೆಯನ್ನು ಎರಡು ಮಾಡಿದವಳು ಎಂದು ಊರಲ್ಲಿ ಅನ್ನುತ್ತಾರೆ, ಮುಖ ನೋಡಿದರೆ ಟೇಲರಿಂಗ್ ಕ್ಲಾಸಿಗೆ ತಡವಾಗಿ ಓಡಿಬಂದ ಹುಡುಗಿಯಂತಿದ್ದಾಳೆ. ಸುಶಾಂತ ಏನ ನುಡಸ್ತಾನ, ಎಂದು ಸುಮನ ಕೇಳಿದಳು, ಕೇಳುವಾಗ ಕಣ್ಣು ವೇದಿಕೆಯ ಮೇಲಿತ್ತು, ಧ್ವನಿಯಲ್ಲಿ ಏನೂ ಇರದ ಹಾಗೆ ಕೇಳಿದಳು. ಅರ್ಚನಾ ಹೂವನ್ನು ಸರಿಪಡಿಸಿಕೊಂಡಳು, ಒಮ್ಮೆ ಸರಿಪಡಿಸಿಕೊಂಡದ್ದನ್ನು ಮತ್ತೆ ಸರಿಪಡಿಸಿಕೊಂಡಳು, ಹೇಳಬ್ಯಾಡ ಅಂದಾರ್ರಿ, ಎಂದಳು, ಹಲಗಿ ರೀ. ಹಾಗಾದರೆ ಆಯಿತು. ಖರೆ. ಈಗ ಎದ್ದರೂ ಸರಿ, ಕೂತರೂ ಸರಿ — ಅವಳಿಗೆ ಒಂಬತ್ತು ವರ್ಷ, ಅಪ್ಪನಿಗೆ ಮೂವತ್ತೊಂಬತ್ತು, ಊರಲ್ಲಿ ಯಾರು ಸತ್ತರೂ ಅಪ್ಪನಿಗೆ ಕರೆ, ಹೆಣದ ಮುಂದೆ ಬಿಸಿಲಿನಲ್ಲಿ ಹಿಮ್ಮುಖವಾಗಿ ನಡೆಯುತ್ತ ಬಡಿಯಬೇಕು, ಜನ ನಾಲ್ಕು ಮಾರು ದೂರದಿಂದ ಚಿಲ್ಲರೆ ಒಗೆಯುತ್ತಾರೆ, ಅದು ಮಣ್ಣಿಗೆ ಬೀಳುತ್ತದೆ, ಬಗ್ಗಿ ಆರಿಸಬೇಕು, ಬಗ್ಗುವಾಗ ಹಲಗಿ ಮೊಣಕಾಲಿಗೆ ತಾಗಿ ತಾನೇ ಒಂದು ಸದ್ದು ಮಾಡುತ್ತದೆ, ಆ ಸದ್ದಿಗೆ ಜನ ನಗುತ್ತಾರೆ. ಆ ವರ್ಷ ಕೇರಿಯವರೆಲ್ಲ ಬೌದ್ಧ ದೀಕ್ಷೆ ತೆಗೆದುಕೊಂಡು ಬಂದರು, ಬಿಳಿ ಅಂಗಿ, ಬಿಳಿ ಸೀರೆ, ಇನ್ನು ಹಲಗಿ ಬಡಿಯುವುದಿಲ್ಲ ಎಂದು ಸಾಲಾಗಿ ನಿಂತು ಮಾತು ಕೊಟ್ಟರು, ಅಪ್ಪ ಕುಡುಗೋಲಿನ ತುದಿಯಿಂದ ಚರ್ಮವನ್ನು ನಡುವಿನಿಂದ ಅಂಚಿಗೆ ಸೀಳಿದ, ಉಳಿದ ಕಬ್ಬಿಣದ ಬಳೆಯನ್ನು ಅವ್ವ ನೀರಿನ ಕೊಡದ ಕೆಳಗಿಟ್ಟಳು, ಕೊಡ ಇಪ್ಪತ್ತು ವರ್ಷ ಅದರ ಮೇಲೆಯೇ ಕೂತಿತ್ತು. ಕೇಳುವವರಿಗೆ ಇದು ತಿಳಿಯಬೇಕಲ್ಲ, ಅರ್ಚನಾಗೆ ಹೇಳಬೇಕೆ, ಹೇಳಿದರೆ ಅವಳ ಮುಖದ ನಗೆ ಹೋಗುತ್ತದೆ, ನಗೆ ಹೋದರೆ ತನಗೆ ಸಮಾಧಾನವಾಗುತ್ತದೆಯೆ, ಆಗುವುದಿಲ್ಲ, ಅವಳು ಹೇಳಲಿಲ್ಲ. ಎಲ್ಲ ಗೊತ್ತೈತ್ರಿ ಅಕ್ಕಾರ, ಎಂದಳು ಅರ್ಚನಾ, ಕೇಳದೆಯೇ, ಇವರು ಹೇಳ್ಯಾರ, ಹೇಳೂ ಮುಂದ ಅತ್ತಿದ್ರು, ಆದ್ರೂ ಬಡಿತೇನಿ ಅಂತಾರ, ನಾ ಏನ ಮಾಡ್ಲಿ, ನನ್ನ ಮಾತ ಕೇಳಿದ್ರ ನಾ ಅವರಿಗೆ ಕೀಬೋರ್ಡ ಕಲಸ್ತಿದ್ನಿ.

ಹುಕ್ಕೇರಿ ತಂಡ, ಎಂದು ಮೈಕಿನಲ್ಲಿ ಕೂಗಿದವನು ನಿರೂಪಕ ಸುನೀಲ, ಕೋಟು ಹಾಕಿಕೊಂಡು ಬೆವರುತ್ತಿರುವ ದುಂಡು ಮನುಷ್ಯ, ಚಪ್ಪಾಳಿ ಜೋರ ಆಗಬೇಕ್ರಿ, ಗೋಕಾಕ ಫಾಲ್ಸಿಗೆ ಕೇಳಬೇಕು. ಹಾರ್ಮೋನಿಯಮ್ಮಿನವನು ಬಂದ, ತಾಳದವರು ಬಂದರು, ಆಮೇಲೆ ಸುಶಾಂತ, ಸಪೂರವಾಗಿದ್ದಾನೆ, ಹಣೆಯ ಮೇಲಿನ ಕೂದಲು ಹಿಂದೆ ಸರಿದಿದೆ, ಎಡ ಹೆಗಲಿಗೆ ಪಟ್ಟಿ, ಪಟ್ಟಿಗೆ ಹಲಗಿ, ಅದನ್ನು ಅವನು ಇಷ್ಟು ಹೊತ್ತು ಫ್ಯಾನಿನ ಬುಡದಲ್ಲಿ ಒರಗಿಸಿ ಇಟ್ಟಿದ್ದ, ಅವಳು ನೋಡಿದ್ದಳು, ಬಟ್ಟೆ ಮುಚ್ಚಿದ ಏನೋ ಒಂದು ಎಂದುಕೊಂಡಿದ್ದಳು. ಮೊದಲ ಪೆಟ್ಟು. ಧಬ್ — ಒದ್ದೆ ಗೋಣಿಯ ಮೇಲೆ ಕೈ ಬಡಿದ ಹಾಗೆ, ಸದ್ದು ಎದ್ದ ಜಾಗದಲ್ಲೇ ಬಿತ್ತು. ಎರಡನೆಯದು ಹಾಗೆಯೇ. ಹಾರ್ಮೋನಿಯಂ ಹಾಡಿನ ತಲೆ ಎತ್ತಿ ಕಾಯ್ದು ನಿಂತಿತು. ಜನ ಸುಮ್ಮನೆ ಕೂತಿದ್ದಾರೆ, ಒಳ್ಳೆಯ ಜನ, ಇದೂ ಒಂದು ಬಗೆಯ ವಾದ್ಯ ಇರಬಹುದು ಎಂದು ತಲೆದೂಗಲು ಸಿದ್ಧರಿದ್ದಾರೆ, ಸುಶಾಂತನ ಕಿವಿ ಕೆಂಪಾಯಿತು, ಚಿಕ್ಕವನಿದ್ದಾಗಲೂ ಹಾಗೆಯೇ, ಮೊದಲು ಕಿವಿ. ನಡೆಯಲಿ. ಹೀಗೇ ಆಗಿಹೋಗಲಿ. ಒಂದು ಸಲ ಮುಖಭಂಗವಾದರೆ ಮತ್ತೆ ಮುಟ್ಟುವುದಿಲ್ಲ, ಗುರುವಾರ ಬರುತ್ತಾನೆ, ಅಪ್ಪನಿಗೆ ಹೇಳಬಹುದು, ಬಡಿಯಾಕ ಹೋದ, ಬರಲಿಲ್ಲ, ಬಿಟ್ಟ, ಇದರಲ್ಲಿ ಸುಳ್ಳು ಎಲ್ಲಿದೆ — ಹೀಗೆ ಲೆಕ್ಕ ಹಾಕುತ್ತಿರುವಾಗ ಅವಳು ಎದ್ದಿದ್ದಳು, ಸಾಲು ದಾಟಿದ್ದಳು, ವೇದಿಕೆಯ ಹಿಂದಿನ ಪರದೆ ಸರಿಸಿದ್ದಳು, ಇದನ್ನು ಕಾಲು ಮಾಡಿತು, ತಲೆ ಆಮೇಲೆ ಬಂತು. ಚರ್ಮ ನೀರು ಕುಡಿದಿದೆ, ಬಿಗಿತ ಹೋಗಿದೆ, ಬಿಗಿತ ನಾಲ್ಕು ಪಟ್ಟಾದರೆ ಸ್ವರ ಎರಡು ಪಟ್ಟು ಏರುತ್ತದೆ, ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದಾಳೆ, ಆದರೆ ಈಗ ಬೇಕಾದದ್ದು ಬೋರ್ಡಲ್ಲ, ಉರಿ. ಇಲ್ಲಿ ಬಾರೋ, ಎಂದಳು. ಅಕ್ಕಾ, ನೀ? — ಮೊದಲ ಅದನ್ನ ಕೊಡು ಇಲ್ಲಿ, ನೀರಿನ ಫ್ಯಾನಿನ ಬಾಜೂಕ ಯಾವ ಶ್ಯಾಣ್ಯಾ ಇಟ್ಟಿದ್ದ ಇದನ್ನ? — ನಾನ. ಸುನೀಲ ಕೋಟಿನ ಅಂಚು ಹಿಡಿದುಕೊಂಡು ಓಡಿಬಂದ, ಏನಾತ್ರಿ ಮೇಡಂ, ಐದ ಮಿನಿಟ್ ತಡೀರಿ ಅಂದ್ರ ಒಂದು ಪ್ರಾರ್ಥನಾ ಮಾಡಿಸಿಬಿಡ್ತೇನಿ. ಉದ್ದಂದು ಮಾಡಸ್ರಿ, ಎಂದಳು ಅವಳು. ಹಿಂದೆ ಮೂಲೆಯಲ್ಲಿ ನಾಟಕಕ್ಕೆಂದು ಕಟ್ಟಿದ ಗುಡಿಸಲು, ಮೇಲೆ ರವದಿಯ ಹೊದಿಕೆ, ಕಬ್ಬಿನ ಒಣಗಿದ ಎಲೆ, ಇದಕ್ಕಿಂತ ಬೇಗ ಹೊತ್ತಿಕೊಳ್ಳುವುದು ಯಾವುದಿದೆ, ಎರಡು ಕೈಯಿಂದ ಎಳೆದಳು, ಮೇಡಂ ಮೇಡಂ ಅದು ನಾಳಿನ ನಾಟಕದ ಮನೀರಿ! — ನಾಳೆ ಹೊಸಾ ರವದಿ ಹಾಕ್ರಿ, ನಾಕೂ ಕಡೆ ಕಬ್ಬ ಐತಿ. ಅಡುಗೆಯವರ ಒಲೆಯಿಂದ ಕೊಳ್ಳಿ ತರಿಸಿದಳು, ಪೆಂಡಾಲಿನಿಂದ ಇಪ್ಪತ್ತು ಹೆಜ್ಜೆ ಆಚೆ ಹೋಗಿ ಹೊತ್ತಿಸಿದಳು, ಗಾಳಿ ಯಾವ ಕಡೆಯದು ನೋಡಿದಳು, ಹಲಗಿಯನ್ನು ಉರಿಗೆ ಒಂದು ಗೇಣು ಮೇಲೆ ಹಿಡಿದು ತಿರುಗಿಸತೊಡಗಿದಳು, ಒಂದೇ ಕಡೆ ನಿಂತರೆ ಸುಡುತ್ತದೆ, ಬೇಗ ತಿರುಗಿದರೆ ಕಾಯುವುದಿಲ್ಲ, ಕೂದಲು ಸುಟ್ಟ ವಾಸನೆ ಬಂದರೆ ಹತ್ತಿರವಾಯಿತು, ಅಂಗೈ ತಡೆದರೆ ಚರ್ಮವೂ ತಡೆಯುತ್ತದೆ, ಇದನ್ನು ಅವಳು ಎಲ್ಲೂ ಓದಿದ್ದಲ್ಲ, ಒಂಬತ್ತು ವರ್ಷದ ತನಕ ಅಪ್ಪನಿಗೆ ಹಲಗಿ ಕಾಸಿ ಕೊಡುತ್ತಿದ್ದವಳು ಅವಳೇ.

ಅಪ್ಪ ಕಳಸ್ಯಾನೇನು, ಎಂದು ಕೇಳಿದ ಸುಶಾಂತ, ಉರಿಗೆ ರವದಿ ಹಾಕುತ್ತ. ಹೂಂ. ನೋಡ್ಕೊಂಡ ಬಾ ಅಂದಾನ? ಹೂಂ. ಏನ ಹೇಳ್ತಿ? — ಮೊದಲ ಉರಿ ಹಾಕು. ಅವನು ಹಾಕಿದ, ಹಾಕುತ್ತಲೇ ಹೇಳಿದ, ಅಪ್ಪಗ ಬಡೀ ಅನ್ನಾವ್ರು ಇದ್ರಕ್ಕಾ, ಒಲ್ಲೆ ಅನ್ನಾಕ ಬರ್ತಿರಲಿಲ್ಲ, ಒಲ್ಲೆ ಅಂದ, ಅದು ಅವನ ದೊಡ್ಡಸ್ತನ, ನನಗ ಯಾರೂ ಬಡೀ ಅಂದಿಲ್ಲ, ನನಗ ಬೇಕಾಗೈತಿ. ಇದು ಸರಿಯೆ, ಅವಳಿಗೆ ತಿಳಿಯಲಿಲ್ಲ, ಇಲ್ಲಿ ಚಪ್ಪಾಳೆ ತಟ್ಟುವವರು ನಾಳೆ ಊರಲ್ಲಿ ಇದೇ ಕೈಗೆ ದೂರದಿಂದ ಚಿಲ್ಲರೆ ಒಗೆಯುವುದಿಲ್ಲ ಎಂದು ಯಾರು ಬರೆದು ಕೊಟ್ಟಿದ್ದಾರೆ, ಒಂದು ಪ್ರಶ್ನೆಗೆ ಎರಡು ಉತ್ತರ ಬಂದರೆ ಎಲ್ಲೋ ತಪ್ಪಾಗಿದೆ ಎಂದು ಮಕ್ಕಳಿಗೆ ಹೇಳುತ್ತಾಳೆ, ಇಲ್ಲಿ ಎಲ್ಲಿ ತಪ್ಪಾಗಿದೆ, ಅಪ್ಪನದೂ ಖರೆ, ಇವನದೂ ಖರೆ, ಮಣಿಕಟ್ಟು ಬೇಯುತ್ತಿದೆ. ಯಾರ ಕಡೆ ಕಲ್ತಿ, ಎಂದಳು. ಅಪ್ಪನ ಕಡೆ. ಸುಳ್ಳ ಹೇಳಬ್ಯಾಡ, ಅವ ಬಿಟ್ಟಾಗ ನಿನಗ ನಾಕ ವರ್ಷ. ಕೈ ಹಿಡದ ಕಲಿಸಿಲ್ಲಕ್ಕಾ, ಉಂಡ ಮ್ಯಾಲ ತಾಟ ಮುಂದ ಇಟ್ಕೊಂಡು ಅಂಚಿನ ಮ್ಯಾಲ ಬಡೀತಿದ್ನಲ್ಲ, ಬಲಗೈ ನಡುಬೆರಳ ದಪ್ಪ ಕೋಲು, ಎಡಗೈ ತೋರಬೆರಳ ಸಣ್ಣ ಕಡ್ಡಿ, ದಿನಾ ಬಡೀತಿದ್ದ, ನಾ ಎದುರಿಗೆ ಕುಂತು ಕಲ್ತೆ, ನೀ ನೋಡಿಲ್ಲೇನು? ನೋಡಿಲ್ಲ. ಅವಳು ಧಾರವಾಡದ ಹಾಸ್ಟೆಲ್ಲಿನಲ್ಲಿದ್ದಳು, ಆಮೇಲೆ ಮೂಡಲಗಿಯ ಬಾಡಿಗೆ ಮನೆಯಲ್ಲಿ, ವಾರಕ್ಕೊಮ್ಮೆ ಬಂದು ಹೋಗುವವಳು — ಅಲ್ಲ, ನೋಡಿದ್ದಾಳೆ, ಒಂದು ಸಲ, ನೀರು ಕೊಡಲು ಒಳಗೆ ಬಂದಾಗ ಅಪ್ಪನ ಎರಡು ಬೆರಳು ತಾಟಿನ ಮೇಲೆ, ಒಂದು ಈ ಕೈಯದು, ಒಂದು ಆ ಕೈಯದು, ಗಾಳಿಯಲ್ಲಿ ಎತ್ತಿ ಹಿಡಿದಂತೆ ನಿಂತಿದ್ದವು, ಅವಳ ಹೆಜ್ಜೆ ಕೇಳಿ ನಿಂತುಬಿಟ್ಟಿದ್ದವು, ಏನಪಾ ಎಂದಳು, ಏನಿಲ್ಲ, ನೊಣಾ, ಎಂದ ಅಪ್ಪ. ಬೆನ್ನ ಹಿಂದೆ ಪ್ರಾರ್ಥನೆ ಉದ್ದವಾಗಿಯೇ ನಡೆದಿದೆ, ಮಳೆಗಾಗಿ, ಕಾಯಿಲೆಯವರಿಗಾಗಿ, ಪರೀಕ್ಷೆ ಬರೆದ ಮಕ್ಕಳಿಗಾಗಿ, ಅವಳು ಬೆರಳ ಗೆಣ್ಣಿನಿಂದ ಚರ್ಮಕ್ಕೆ ಒಮ್ಮೆ ಬಡಿದು ಕಿವಿಗೊಟ್ಟಳು, ಇನ್ನೂ ಸ್ವಲ್ಪ, ಮತ್ತೆ ತಿರುಗಿಸಿದಳು, ಮತ್ತೆ ಬಡಿದಳು, ಈಗ ಸದ್ದು ಚರ್ಮದಿಂದ ಬೇರೆಯಾಗಿ ಎದ್ದು ಹೋಯಿತು, ಹೋಗಿ ಚರ್ಚಿನ ಗೋಡೆಗೆ ತಾಗಿ ವಾಪಸು ಬಂತು. ತಗೋ, ಎಂದಳು, ಬಿಸಿ ಆರೂದ್ರಾಗ ಬಡೀ.

ಅವನು ಬಡಿದ. ಅವಳು ಕುರ್ಚಿಗೆ ಹಿಂದಿರುಗಲಿಲ್ಲ, ಪರದೆಯ ಅಂಚಿನಲ್ಲಿ ನಿಂತಳು, ಹಾಡು ಯೇಸುವಿನದು, ಮಾತುಗಳು ಅವಳಿಗೆ ದೂರದವು, ಆದರೆ ಬಡಿತ ಅಪ್ಪನದು, ನಾಲ್ಕು ಸುತ್ತು ನೇರ ಹೋಗಿ ಐದನೆಯದರ ಕೊನೆಗೆ ಒಂದು ಪೆಟ್ಟು ತಪ್ಪಿಸಿ, ತಪ್ಪಿಸಿದ್ದನ್ನು ಎರಡಾಗಿ ತಿರುಗಿ ಕೊಡುವ ಆ ತಿರುವು, ಹೆಣದ ಮುಂದೆ ಅಪ್ಪ ಹಾಗೆಯೇ ಕೊಡುತ್ತಿದ್ದ, ಈಗ ಹೆಣವಿಲ್ಲ, ಮೂರನೆಯ ಸಾಲಿನ ಮುದುಕಿ ತಲೆಯ ಮೇಲೆ ಸೆರಗೆಳೆದುಕೊಂಡು ಕೂತಲ್ಲೇ ತೂಗುತ್ತಿದ್ದಾಳೆ, ಅರ್ಚನಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಾಳೆ, ಕರಿಕಂಬಳಿಯ ಕುರುಬನ ಚಿತ್ರದ ಕಾಗದ ಪಿನ್ನಿನ ಸುತ್ತ ನಡುಗುತ್ತಿದೆ. ನೀರಿನ ಬಿಸಿ ಅಳೆಯಲು ಅದ್ದಿದ ಥರ್ಮಾಮೀಟರ್ ನೀರಿನ ಬಿಸಿಯಲ್ಲಿ ತನ್ನ ಪಾಲು ತೆಗೆದುಕೊಳ್ಳುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಕು, ತಾನು ನೋಡಲು ಬಂದವಳು, ನೋಡಿದ್ದರಲ್ಲಿ ತನ್ನ ಪಾಲು ಎಷ್ಟು, ತಾನು ಕಾಸದಿದ್ದರೆ ಅವನು ಬಡಿಯುತ್ತಿರಲಿಲ್ಲ, ಬಡಿಯದಿದ್ದರೆ ಗುರುವಾರ — ಚೀಲದಲ್ಲಿ ಫೋನು ನಡುಗಿತು. ಅಪ್ಪ. ಅವನೆಂದೂ ತಾನಾಗಿ ಮಾಡುವುದಿಲ್ಲ. ಎಡಗಿವಿ ಮಂದ, ಅದಕ್ಕೇ ಫೋನನ್ನು ಸ್ಪೀಕರಿಗೆ ಹಾಕಿ ನೆಲದ ಮೇಲಿಟ್ಟುಕೊಂಡು ಮಾತಾಡುತ್ತಾನೆ, ನಾಲ್ಕೂವರೆಯ ಹೊತ್ತು, ಮುಂದೆ ತಾಟಿನಲ್ಲಿ ಚುರುಮುರಿ ಇರುತ್ತದೆ. ಎಲ್ಲಿದ್ದೀ? — ಇಲ್ಲೇ ಇದ್ದೇನಪಾ. — ಬಡದಾನೇನು? ಅವಳು ಗೇಟಿನ ಕಡೆ ನಡೆದಳು, ನಾಲ್ಕು ಹೆಜ್ಜೆ ಹೋಗಿ ನಿಂತಳು, ಸದ್ದಿನಿಂದ ದೂರ ಹೋಗಬಹುದು, ಹೋದರೆ ಅದೂ ಒಂದು ಉತ್ತರ, ಬಡಿಯಾಕ ಹೋದ, ಒದ್ದಿ ಆಗಿತ್ತು, ಇಷ್ಟು ಹೇಳಿ ನಿಲ್ಲಿಸಬಹುದು, ಅಕ್ಷರಕ್ಕೆ ಅಕ್ಷರ ಖರೆ, ನೀ ಏನ ಹೇಳ್ತಿ ಅದ ಖರೆ, ನಾಲಿಗೆಗೆ ರವದಿಯ ಬೂದಿಯ ರುಚಿ. ಬಡಿಯಾಕತ್ತಾನಪಾ, ಎಂದಳು, ಹಲಗಿ ಒದ್ದಿ ಆಗಿತ್ತು, ಕಾಸಿ ಕೊಟ್ಟಾಕಿ ನಾನ.

ಕಟ್ಟಾಯಿತೆ ಎಂದು ಫೋನು ನೋಡಿದಳು, ಕಟ್ಟಾಗಿಲ್ಲ, ಸೆಕೆಂಡುಗಳು ಓಡುತ್ತಿವೆ, ಮೂವತ್ತೊಂದು, ಮೂವತ್ತೆರಡು. ಯಾತರ ಉರಿ, ಎಂದಿತು ಅಪ್ಪನ ಧ್ವನಿ. ಏನಪಾ? — ಯಾತರ ಉರಿ ಹಾಕಿದಿ ಅಂದೆ. — ರವದೀದು. — ರವದಿ ಲಗೂನ ಉರದ ಹೋಗತೈತಿ, ಎಂದ ಅಪ್ಪ, ಹೇಳಬಾರದ ಮಾತು ಹೇಳಿದವನಂತೆ ಗಂಟಲು ಸರಿಮಾಡಿಕೊಂಡ. ಅವಳು ಕೇಳಿದಳು, ಗುರುವಾರ ಅವ ಬರ್ಲೇನಪಾ, ಕೇಳಿ ಫೋನನ್ನು ಕಿವಿಗೆ ಒತ್ತಿದಳು, ಹಿಂದೆ ಹಲಗಿ ನಾಲ್ಕನೆಯ ಸುತ್ತಿನಲ್ಲಿದೆ, ಫೋನಿನೊಳಗೆ ತೆಳ್ಳಗೆ ಏನೋ, ಟಿಣ್, ಟಿಣ್ ಟಿಣ್, ಸ್ಟೀಲಿನ ಸದ್ದು, ಇಲ್ಲಿಯ ಬಡಿತವೇ ಅಲ್ಲಿಯ ಸ್ಪೀಕರಿನಲ್ಲಿ ಬಿದ್ದು ತಿರುಗಿ ಬರುತ್ತಿರಬಹುದು, ಹಾಗೆ ಆಗುತ್ತದೆ, ಸ್ಪೀಕರ್ ಹಾಕಿದಾಗ ಎಷ್ಟೋ ಸಲ ಆಗುತ್ತದೆ, ಆತುರಪಡಬಾರದು, ಕೇಳಬೇಕು — ಐದನೆಯ ಸುತ್ತು, ಪೆಟ್ಟು ತಪ್ಪುವ ಜಾಗ, ಅಲ್ಲಿ ಫೋನಿನೊಳಗಿನ ಸದ್ದು ತಿರುವನ್ನು ಮೊದಲು ತೆಗೆದುಕೊಂಡಿತು, ವೇದಿಕೆಯ ಮೇಲೆ ಸುಶಾಂತ ತೆಗೆದುಕೊಳ್ಳುವ ಮೊದಲೇ, ಒಂದು ಕೂದಲೆಳೆ ಮೊದಲು, ತಿರುಗಿ ಬರುವ ಸದ್ದು ಹಿಂದೆ ಬೀಳಬೇಕು, ಮುಂದೆ ಬರುವುದಿಲ್ಲ, ಎಂದೂ ಬರುವುದಿಲ್ಲ, ಅಪ್ಪಾ, ಎಂದಳು, ತಡೆಯಲಾಗದೆ, ಎನ್ನಬಾರದಿತ್ತು, ಸದ್ದು ನಿಂತಿತು, ಬರ್ಲಿ ಅನ್ನಲಿಲ್ಲ, ಬ್ಯಾಡ ಅನ್ನಲಿಲ್ಲ, ಅಲ್ಲಿ ಪಡಸಾಲೆಯಲ್ಲಿ ತಾಟಿನ ಮೇಲೆ ಎರಡು ಬೆರಳು ನಿಂತಿರಬೇಕು, ಒಂದು ಈ ಕೈಯದು, ಒಂದು ಆ ಕೈಯದು, ಎತ್ತಿದವು, ಇಳಿದಿಲ್ಲ, ಎತ್ತಿದ ಹಾಗೆಯೇ, ಎರಡು ಬೆರಳು